ಅಮೀನ್‌ಸಾಬರ ಶುದ್ಧ ಲೋಡು

ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯನ್ನು ಕಿರಣ ದಾಟುತ್ತದೋ ಇಲ್ಲವೋ? ಹನ್ನೊಂದು ದಿನದಿಂದ ವಸೀಮಾಳ ತಲೆಯಲ್ಲಿ ಕೂತಿದ್ದ ಪ್ರಶ್ನೆ ಇದೊಂದೇ. ಅಕ್ಕಿ ಆರಿಸುವಾಗ ಅದೇ, ಕೂಸಿಗೆ ಗಂಜಿ ತಿನ್ನಿಸುವಾಗ ಅದೇ. ಗೋಡೆಯ ಈಚೆ ಅವಳ ಹದಿನಾಲ್ಕು ತಿಂಗಳ ಮಗಳು ಮುನ್ನಿ ಮಲಗುತ್ತಿದ್ದಳು. ಆಚೆ ಮಲಗುತ್ತಿದ್ದವರು ಮಾವ ಅಮೀನ್‌ಸಾಬ್. ಹೈದರಾಬಾದಿನ ಆಸ್ಪತ್ರೆಯವರು ಅಮೀನ್‌ಸಾಬರಿಗೆ ಒಂದು ಗುಳಿಗೆ ನುಂಗಿಸಿ ಕಳಿಸಿದ್ದರು. ಆ ಗುಳಿಗೆ ಅವರ ಕೊರಳಿನ ಥೈರಾಯ್ಡ್ ಗ್ರಂಥಿಯಲ್ಲಿ ಹೋಗಿ ಕೂತು, ಒಳಗಿಂದೊಳಗೇ ಕಿರಣ ಬಿಟ್ಟು ರೋಗ ಸುಡುತ್ತಿತ್ತು. ರೋಗ ಸುಡಲಿ, ಬೇಡವೆಂದವರು ಯಾರು? ಆದರೆ ಕಿರಣಕ್ಕೆ ಕಣ್ಣಿದೆಯೇ, ಇದು ರೋಗ, ಇದು ಮೊಮ್ಮಗಳು ಎಂದು ನೋಡಿ ಹೋಗಲು?

ವಸೀಮಾ ಹುಬ್ಬಳ್ಳಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲೇ ಓದಿ, ಬಿ.ಕಾಂ. ಮುಗಿಸಿ ಮಸ್ಕಿಗೆ ಸೊಸೆಯಾಗಿ ಬಂದವಳು. ಕೂಸಿನ ಮೈ ಬೆಚ್ಚಗಾದರೆ ಥರ್ಮಾಮೀಟರ್ ಇಡುವಳು. ಥರ್ಮಾಮೀಟರ್ ಸರಿಯಿದೆಯೋ ಇಲ್ಲವೋ ಎಂದು ತನ್ನ ಬಾಯಿಗೂ ಇಟ್ಟುಕೊಳ್ಳುವಳು. ತನಗೇ ಜ್ವರ ಬಂದು ಎರಡೂ ಒಂದೇ ತೋರಿಸುತ್ತಿದ್ದರೆ ಎಂದು ಅತ್ತೆಯ ಬಾಯಿಗೂ ಇಡುವಳು. ಕಿರಣವನ್ನು ತಡೆಯುವುದು ಸೀಸ ಎಂದು ಫೋನಿನಲ್ಲಿ ಓದಿದ ದಿನವೇ ಅವಳು ಗಂಡ ಇಶ್ತಿಯಾಕನಿಗೆ ಹೇಳಿ ಮಾವನ ಗುಜರಿ ಅಂಗಡಿಯಿಂದ ಸತ್ತ ಲಾರಿ ಬ್ಯಾಟರಿಗಳನ್ನು ತರಿಸಿ, ಗೋಡೆಗುಂಟ ಎರಡು ಸಾಲು ಒಟ್ಟಿಸಿದಳು. ಬ್ಯಾಟರಿಯೊಳಗೆ ಸೀಸ ಇರುತ್ತದಲ್ಲ. ಮರುದಿನ ಬ್ಯಾಟರಿಯೊಳಗೆ ಆಸಿಡ್ಡೂ ಇರುತ್ತದೆ ಎಂಬುದು ಹೊಳೆದು, ಕೂಸು ಮುಟ್ಟೀತೆಂದು ಎದೆ ಒಡೆದು, ಎಲ್ಲವನ್ನೂ ವಾಪಸ್ ಹೊರಿಸಿದಳು.

ಅತ್ತೆ ಬಿಬಿಜಾನ್ ಸೆರಗು ಮೂಗಿಗೆ ಹಿಡಿದು ನೋಡುತ್ತಾ ನಿಂತಿದ್ದರು. "ಅಂಗಡಿ ಮಾಲು ಮನಿಗೆ ಬಂತು, ಮನಿ ಮಾಲಕ ಗ್ವಾಡಿ ಆಚೆ ಬಿದ್ದ. ಇನ್ನ ನನ್ನೊಬ್ಬಾಕಿನ್ನ ತೂಕಕ್ಕ ಹಾಕೂದು ಉಳದೈತಿ."

"ಅಮ್ಮಾ, ನಿಮಗ ತಿಳಿಯಂಗಿಲ್ರೀ. ಕಿರಣ ಕಣ್ಣಿಗೆ ಕಾಣೂದಿಲ್ಲ."

"ಕಾಣದಿದ್ದದ್ದಕ್ಕ ಇಷ್ಟು. ಕಂಡಿದ್ರ ನಮ್ಮ ಗತಿ ಏನಾಗ್ತಿತ್ತವ್ವಾ."

ಮಸ್ಕಿಯಿಂದ ಸಿಂಧನೂರಿನ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುತ್ತಲೇ ಎಡಕ್ಕೆ ತಗಡಿನ ಬೇಲಿ ಹಾಕಿದ ಗುಜರಿ ಅಂಗಡಿಯೇ ಅಮೀನ್‌ಸಾಬರದು. ಅವರು ಹುಟ್ಟಿದ್ದು ಪಾಮನಕಲ್ಲೂರಿನಲ್ಲಿ. ಮೀಸೆ ಮೂಡುವ ಮೊದಲೇ ಸೈಕಲ್ಲಿನ ಹಿಂದೆ ಉಳ್ಳಾಗಡ್ಡಿಯ ಬುಟ್ಟಿ ಕಟ್ಟಿಕೊಂಡು ಊರೂರು ತಿರುಗಿ, ಉಳ್ಳಾಗಡ್ಡಿ ಕೊಟ್ಟು ಹಳೆ ಕಬ್ಬಿಣ ತಂದವರು. ಈಗ ಅರವತ್ತೆರಡು. ಇಷ್ಟು ವರ್ಷದಲ್ಲಿ ಅವರ ಕೈ ದಾಟದ ಕಬ್ಬಿಣ ಈ ಮೂರು ತಾಲೂಕಿನಲ್ಲಿ ಇಲ್ಲ ಎನ್ನಬಹುದು. ಕಾಲುವೆ ಬಯಲಿನ ಭತ್ತದ ಗದ್ದೆಗಳ ಮುರಿದ ರೋಟಾವೇಟರು, ಲಿಂಗಸುಗೂರಿನ ಹೋಟೆಲ್ಲಿನ ತಳ ಹೋದ ಕಡಾಯಿ, ಮಸ್ಕಿಯ ದರ್ಜಿಗಳ ಹೊಲಿಗೆ ಯಂತ್ರದ ಕಾಲು, ಎಲ್ಲವೂ ಕಡೆಗೆ ಅವರ ತಗಡಿನ ಬೇಲಿಯೊಳಗೇ ಬಂದು ಬೀಳಬೇಕು.

ಕಬ್ಬಿಣವನ್ನು ಅವರು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಜೇಬಿನಲ್ಲಿ ಹೆಬ್ಬೆಟ್ಟಿನಷ್ಟು ದಪ್ಪದ ಬೋಲ್ಟು. ಅದರಿಂದ ಒಂದು ಪೆಟ್ಟು ಹಾಕಿ, ಕಿವಿ ಓರೆ ಮಾಡಿ, ಇದು ಬೀಡು ಕಬ್ಬಿಣ, ಇದು ಉಕ್ಕು, ಇದರೊಳಗೆ ಬೇರೇನೋ ಇದೆ ಎಂದು ಹೇಳುವರು. ಒಮ್ಮೆ ದಢೇಸುಗೂರಿನ ಅಂಬಪ್ಪ ಎಂಬ ರೈತ, ಹಳೆ ಪಂಪಿನ ಹೊಟ್ಟೆಗೆ ಎರೆಮಣ್ಣು ತುಂಬಿ ತೂಕ ಹೆಚ್ಚಿಸಿ ತಂದಿದ್ದ. ಅಮೀನ್‌ಸಾಬ್ ಒಂದು ಪೆಟ್ಟು ಹಾಕಿ ನಕ್ಕುಬಿಟ್ಟರು.

"ಅಂಬಪ್ಪಣ್ಣಾ, ಇದರ ಹೊಟ್ಯಾಗ ನಿನ್ನ ಹೊಲ ಐತಿ. ಹೊಲ ಮಾರೂದಿದ್ರ ಕಾಟಾದಾಗ ತೂಗಬಾರದಪಾ, ರಿಜಿಸ್ಟ್ರಿ ಆಫೀಸಿಗೆ ಹೋಗಬೇಕು."

ತಮ್ಮ ಲೋಡಿನ ವಿಷಯದಲ್ಲಂತೂ ಅವರದು ನಮಾಜಿನಷ್ಟೇ ಕಟ್ಟುನಿಟ್ಟು. ಮಣ್ಣು ಇರಬಾರದು. ಬಾಯಿ ಮುಚ್ಚಿದ ಡಬ್ಬಿ, ಸಿಲಿಂಡರು ಇರಬಾರದು. ಕದ್ದ ಮಾಲು ಇರಲೇಬಾರದು. ಗಂಗಾವತಿ ದಾಟಿ ಕೊಪ್ಪಳದ ಕಡೆ ಹೋದರೆ ಕಬ್ಬಿಣ ಕರಗಿಸುವ ಕಾರ್ಖಾನೆಯೊಂದಿದೆ. ಅವರ ಲಾರಿ ಹೋಗುವುದು ಅಲ್ಲಿಗೆ. ಒಂದು ಲೋಡೂ ಅಲ್ಲಿಂದ ತಿರುಗಿ ಬಂದಿಲ್ಲವೆನ್ನುವುದು ಅವರ ಬದುಕಿನ ದೊಡ್ಡ ಮಾತು. ಬೇರೆ ವ್ಯಾಪಾರಿಗಳು ಡ್ರೈವರನ ಕೈಗೆ ಕಾಗದ ಕೊಟ್ಟು ಸುಮ್ಮನಾದರೆ, ಇವರು ತಾವೇ ಲಾರಿಯ ಎಡಗಡೆ ಸೀಟಿನಲ್ಲಿ ಕೂತು, ಗೇಟು ದಾಟಿಸಿ, ಕಾಟಾದ ಮೇಲೆ ತೂಕ ಆಗುವವರೆಗೆ ನಿಂತು ಬರುವರು.

ಡ್ರೈವರ್ ಸಂಗನಬಸವ ಎಷ್ಟೋ ಸಲ ಕೇಳಿದ್ದ. "ಸಾಹೇಬ್ರ, ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?"

"ನಂಬಿಕಿ ಮಾತಲ್ಲಲೇ. ಮಗಳನ್ನ ಲಗ್ನ ಮಾಡಿ ಕಳಿಸ್ತೀವಿ. ಗಂಡನ ಮನಿ ಹೊಸ್ತಿಲಾ ದಾಟೂತನಕ ಅಪ್ಪ ಜೋಡಿ ಹೋಗಬೇಕು. ಬಸ್ಸಿನ್ಯಾಗ ಕುಂದ್ರಿಸಿ ಕೈ ಬೀಸ್ತಾರೇನು?"

ಇಂಥ ಮನುಷ್ಯನ ಕೈ ಕಳೆದ ವರ್ಷದಿಂದ ನಡುಗತೊಡಗಿತು. ಚಹದ ಬಸಿ ಗಡಗಡ ಎನ್ನುವುದು. ನಾಲ್ಕು ರೊಟ್ಟಿ ತಿನ್ನುವರು, ಮೈ ಮಾತ್ರ ದಿನದಿನಕ್ಕೆ ಇಳಿಯುವುದು. ಎದೆ ಸುಮ್ಮನೆ ಕೂತಾಗಲೂ ಓಡುವುದು. ಲಿಂಗಸುಗೂರಿನ ಡಾಕ್ಟರು ರಕ್ತ ನೋಡಿ ಥೈರಾಯ್ಡ್ ಎಂದರು, ಗುಳಿಗೆಗಳು ಸಾಲದಾದಾಗ ಹೈದರಾಬಾದಿಗೆ ಬರೆದುಕೊಟ್ಟರು. ಇಶ್ತಿಯಾಕ್ ಕರೆದುಕೊಂಡು ಹೋದ.

ಅಲ್ಲಿಂದ ಬಂದ ಅಮೀನ್‌ಸಾಬರಿಗೆ ರೋಗಕ್ಕಿಂತ ಗುಳಿಗೆ ಕೊಟ್ಟ ರೀತಿಯೇ ಸೋಜಿಗವಾಗಿತ್ತು. "ಸೀಸದ ಡಬ್ಬಿ ತಂದಳು ಬೇಟಿ, ಆ ನರ್ಸು. ದಪ್ಪ ಅಂದ್ರ ಹಿಂಗ ದಪ್ಪ! ಒಳಗ ನೋಡಿದ್ರ ಶೇಂಗಾ ಬೀಜದಷ್ಟು ಗುಳಿಗಿ. ಇಕ್ಕಳದಾಗ ಹಿಡಿದು ಕೊಟ್ಟು, ನುಂಗ್ರೀ ಅಂದು, ಓಡಿ ಹೋಗಿ ಬಾಗಿಲದಾಗ ನಿಂತಳು. ನಾ ಅಂದೆ, ಯವ್ವಾ, ನೀ ದೂರ ನಿಂತು ಕೊಡೂದನ್ನ ನಾ ಹೆಂಗ ಹೊಟ್ಯಾಗ ಇಟ್ಕೊಳ್ಳಲಿ?"

ಊರಿಗೆ ಮಾತ್ರ ಈ ಸುದ್ದಿ ತಿಳಿಯಬಾರದು. "ಜಡ್ಡಾದ ವ್ಯಾಪಾರಿ ಅಂದ್ರ ತುಕ್ಕು ಹಿಡಿದ ಕಾಟಾ ಇದ್ದಂಗ, ಯಾರೂ ನಂಬಂಗಿಲ್ಲ," ಎಂದು ಹೆಂಡತಿ, ಮಗ, ಸೊಸೆ ಮೂವರಿಂದಲೂ ಭಾಷೆ ತೆಗೆದುಕೊಂಡರು. ಹೈದರಾಬಾದಿಗೆ ಹೋದದ್ದು ಚಶ್ಮಾ ಮಾಡಿಸಲು ಎಂದು ಸಾರಿದ್ದಾಯಿತು. ಹೇಳಿದ ಮೇಲೆ ಚಶ್ಮಾ ಇರಬೇಕಲ್ಲ? ತಂದರು. ಪವರಿಲ್ಲದ ಬರೀ ಗಾಜು ಹಾಕಿಕೊಂಡರೆ ಮೋಸವಾಗುತ್ತದೆಂದು ಪವರಿನದ್ದೇ ತಂದರು. ಸುಳ್ಳಿಗೂ ಸರಿಯಾದ ತೂಕ ಇರಬೇಕೆಂಬುದು ಅವರ ಲೆಕ್ಕ. ಕಣ್ಣು ಚೆನ್ನಾಗಿಯೇ ಇದ್ದ ಮನುಷ್ಯ ಅಂದಿನಿಂದ ಸಪಾಟು ನೆಲದಲ್ಲೂ ಮೆಟ್ಟಿಲು ಹತ್ತುವಂತೆ ಕಾಲೆತ್ತಿ ಎತ್ತಿ ನಡೆಯತೊಡಗಿದರು.

"ಗುಳಿಗಿ ಸುದ್ದಿ ಈ ನಾಕು ಗ್ವಾಡಿ ದಾಟಬಾರದು," ಎಂದಿದ್ದರು. ಸುದ್ದಿ ದಾಟಲಿಕ್ಕಿಲ್ಲ, ವಸೀಮಾ ಮನಸ್ಸಿನಲ್ಲೇ ಅಂದುಕೊಂಡಿದ್ದಳು, ಉಳಿದದ್ದರ ಗತಿ?

ಆಸ್ಪತ್ರೆಯವರು ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಅದನ್ನು ಓದಬಲ್ಲವಳು ವಸೀಮಾ ಒಬ್ಬಳೇ. ಅವಳು ಓದಿ ಹೇಳಿದ್ದೇ ಮನೆಯ ಕಾನೂನಾಯಿತು. ದೊಡ್ಡವರಿಂದ ಕೆಲವು ದಿನ ಒಂದು ಮಾರು ದೂರ. ಸಣ್ಣ ಮಕ್ಕಳನ್ನು ಮೂರು ವಾರ ಎತ್ತಿಕೊಳ್ಳುವಂತಿಲ್ಲ. ತಾಟು, ಲೋಟ, ಟವೆಲು ಬೇರೆ. ಕಾಗದ ಹೇಳಿದ್ದು ಎರಡು ಮೀಟರು; ವಸೀಮಾ ಅಂಗಳದಲ್ಲಿ ಸುಣ್ಣದ ಗೆರೆ ಎಳೆದದ್ದು ನಾಲ್ಕು ಮೀಟರಿಗೆ. ಎರಡು ಕಾಗದದ್ದು, ಎರಡು ತಾಯಿಯದ್ದು.

ಆವರೆಗೆ ಮುನ್ನಿಯ ಸಂಜೆಗಳೆಲ್ಲ ಅಜ್ಜನ ತೊಡೆಯ ಮೇಲೆಯೇ ಕಳೆಯುತ್ತಿದ್ದವು. ಈಗ ಗೆರೆಯಾಚೆ ಅಜ್ಜ, ಗೆರೆಯೀಚೆ ಮೊಮ್ಮಗಳು. ಅಮೀನ್‌ಸಾಬ್ ಅಲ್ಲಿಂದಲೇ ರೈಲಿನ ಹಳಿಯ ತುಂಡೊಂದನ್ನು ತೂಗುಬಿಟ್ಟು, ಬೋಲ್ಟಿನಿಂದ ಟಣ್ ಎನ್ನಿಸುವರು. ಕೂಸು ಈಚೆ ಕುಂಡೆ ಕುಣಿಸುವುದು. ಹತ್ತನೆಯ ದಿನ ಸಂಜೆ ವಸೀಮಾ ಚಹ ಸೋಸುತ್ತಿದ್ದಾಗ ಕೂಸು ಅಂಬೆಗಾಲಿಟ್ಟು ಗೆರೆ ದಾಟಿ, ಅಜ್ಜನ ಮೊಣಕಾಲು ಹಿಡಿದು ಎದ್ದು ನಿಂತಿತು. ವಸೀಮಾ ಕಿರುಚಿದ್ದು ಪಕ್ಕದ ಓಣಿಗೂ ಕೇಳಿತು. ಅಮೀನ್‌ಸಾಬ್ ಎರಡೂ ಕೈ ಮೇಲೆತ್ತಿಕೊಂಡು, ಪೊಲೀಸರ ಮುಂದೆ ಸಿಕ್ಕಿಬಿದ್ದ ಕಳ್ಳನಂತೆ ಕೂತಿದ್ದರು.

"ನಾ ಮುಟ್ಟಿಲ್ಲ ಬೇಟಿ. ಅಕೀನ ಬಂದು ಹಿಡಿದಾಳ. ನೋಡು, ನನ್ನ ಕೈ ನೋಡು."

ವಸೀಮಾ ಕೂಸನ್ನು ಎರಡು ಸಲ ಮೀಯಿಸಿದಳು. ಮೂರನೆಯ ಸಲಕ್ಕೆ ಬಿಬಿಜಾನ್ ಬಿಸಿನೀರಿನ ಹಂಡೆಯ ಮುಂದೆ ಕೈಯಾಡಿಸಿ ನಿಂತರು. "ನಕ್ಕೋ, ಸಾಕು ಬಿಡು. ಇನ್ನೊಮ್ಮಿ ತೊಳದ್ರ ಬಣ್ಣ ಬಿಡತೈತಿ."

ಮರುದಿನ ಬೆಳಗಿನ ನಮಾಜು ಮುಗಿಸಿ ಅಮೀನ್‌ಸಾಬ್ ಗೆರೆಯಾಚೆಯಿಂದಲೇ ಹೇಳಿದರು. "ನಾಳಿ ಲೋಡಿಗೆ ನಾನ ಹೋಗ್ತೀನಿ. ಇಶ್ತಿಯಾಕ ಬ್ಯಾಡ. ನಾ ಮನ್ಯಾಗಿದ್ರ ಕೂಸು ಸುಮ್ನಿರಂಗಿಲ್ಲ, ಕೂಸಿನ ತಾಯಿಗೂ ನಿದ್ದಿ ಇಲ್ಲ."

ಒಂದು ತಿಂಗಳು ವಿಶ್ರಾಂತಿ ಎಂದು ಮನೆಯವರೆಲ್ಲ ಸೇರಿ ಗೊತ್ತು ಮಾಡಿದ್ದರು. ಬೇಡ ಎನ್ನಬೇಕಾಗಿತ್ತು ವಸೀಮಾ. ಅನ್ನಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಳಿದದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆಯಾಗಿದ್ದನ್ನು ಯಾರೂ ನೋಡಬಾರದೆಂದು ಒಳಗೆ ಹೋಗಿ ಡಬ್ಬಿ ಕಟ್ಟಲು ಎರಡು ರೊಟ್ಟಿ ಹೆಚ್ಚೇ ಬಡಿಯುವುದೆಂದು ತೀರ್ಮಾನಿಸಿದಳು.

ಹನ್ನೆರಡನೆಯ ದಿನ, ಮಂಗಳವಾರ. ಬೆಳಿಗ್ಗೆ ಆರಕ್ಕೆ ಲಾರಿ ಬಿಟ್ಟಿತ್ತು. ಹತ್ತರ ಸುಮಾರಿಗೆ ಇಶ್ತಿಯಾಕ್ ಮನೆಯಲ್ಲಿ ಮಂಡಾಳು ಒಗ್ಗರಣೆ ತಿನ್ನುತ್ತಿದ್ದಾಗ ಫೋನು ಬಂತು. ಕೈ ಎಣ್ಣೆಯಾಗಿದ್ದರಿಂದ ಸ್ಪೀಕರ್ ಒತ್ತಿ ನೆಲದ ಮೇಲಿಟ್ಟ. ಸಂಗನಬಸವನ ದನಿ.

"ಇಶ್ತಿಯಾಕಣ್ಣಾ, ನಮ್ಮನ್ನ ಗೇಟಿನ್ಯಾಗ ತಡದಾರ."

"ಯಾಕ? ಕಾಗದ ಸರಿ ಇಲ್ಲೇನು?"

"ಕಾಗದ ಎಲ್ಲಾ ಸರಿ ಐತಿ. ಗೇಟಿಗೆ ಆ ಕಡಿಗೊಂದು ಈ ಕಡಿಗೊಂದು ಹಳದಿ ಕಂಬ ಅದಾವಲ್ಲಾ, ಅವು ಕೂಗಾಕತ್ತಾವ. ಇಷ್ಟು ವರ್ಷ ಮೂಕ ಬಸವಣ್ಣನಂಗ ನಿಂತಿದ್ದವು. ಇವತ್ತ ಬಾಯಿ ಬಂದೈತಿ."

ಆ ಕಂಬಗಳು ಯಾಕಿವೆ ಎಂಬುದು ಇಶ್ತಿಯಾಕನಿಗೆ ಗೊತ್ತಿತ್ತು. ಎಲ್ಲೋ ಹಳೆಯ ಯಂತ್ರದೊಳಗಿನ ಕಿರಣ ಬಿಡುವ ವಸ್ತು ಗುಜರಿಯಲ್ಲಿ ಸೇರಿ ಬಂದರೆ, ಕುಲುಮೆಗೆ ಬಿದ್ದು ಎಲ್ಲ ಉಕ್ಕನ್ನೂ ಕೆಡಿಸುತ್ತದೆ. ಅದನ್ನು ಗೇಟಿನಲ್ಲೇ ಹಿಡಿಯುವ ಕಾವಲು ಅದು. ಅವನು ತಿನ್ನುವುದನ್ನು ಬಿಟ್ಟ. "ಅಬ್ಬಾ ಏನಂತಾರ?"

"ಸಾಹೇಬ್ರು ಗೇಟಿನಾಂವನ ಕೂಡ ಜಗಳಕ್ಕ ನಿಂತಾರ. ಲೋಡ್ ಎಲ್ಲಾ ಕೆಳಗ ಹಾಕ್ಸಾಕತ್ತಾರ್ರಿ ಇಲ್ಲಿ. ಆಮ್ಯಾಲ ಮಾಡ್ತೀನಿ."

ಅರ್ಧ ತಾಸಿಗೆ ಎರಡನೆಯ ಫೋನು. ಈ ಸಲ ಸಂಗನಬಸವ ದನಿ ತಗ್ಗಿಸಿದ್ದ.

"ಅಣ್ಣಾ, ಇಲ್ಲಿ ಏನೋ ಭಾನಗಡಿ ನಡದೈತಿ. ಸಣ್ಣ ಮಷೀನ್ ಒಂದು ಕೈಯಾಗ ಹಿಡಕೊಂಡು ಮಾಲೆಲ್ಲಾ ನೋಡಾಕತ್ತಾರ. ಸಾಹೇಬ್ರು ಸುಮ್ನ ನಿಲ್ಲಬೇಕಲ್ಲಾ? ನಡುವ ಹೋಗಿ ಒಂದೊಂದ ಸಾಮಾನು ಎತ್ತಿ, 'ಇದು ಲಿಂಗಸುಗೂರು ಕಡಾಯಿ, ಇದು ದಢೇಸುಗೂರು ಪಂಪು, ಇದರಾಗ ಏನೈತಿ ತೋರಸು' ಅಂತಾರ. ಸಾಹೇಬ್ರು ಹಿಡಿದಿದ್ದೆಲ್ಲಾ ಕೂಗತೈತಿ! ಹನ್ನೊಂದು ಸಾಮಾನು ಬಾಜೂಕ ತಗದಿಟ್ಟಾರ. ಒಂದು ಹೊಲಿಗಿ ಮಷೀನಿನ ಕಾಲಿಗೆ ಕೆಂಪು ಪಟ್ಟಿ ಸುತ್ತಿ ಕಾವಲು ಹಾಕ್ಯಾರ."

"ಹೊಲಿಗಿ ಮಷೀನಿಗಾ?"

"ಅಲ್ರೀ ಅಣ್ಣಾ, ಅದಕ್ಕಿಂತ ದೊಡ್ಡ ಸುದ್ದಿ ಕೇಳ್ರಿ. ಖಾಲಿ ಲಾರಿ ಹಿಂದಕ್ಕ ತಗದು ಮತ್ತ ಕಂಬದ ನಡುವ ಹೊಡದೆ. ಸಾಹೇಬ್ರು ಬಾಜೂಕ ಕುಂತಿದ್ರು. ಖಾಲಿ ಲಾರಿಗೂ ಕೂಗ್ತು. ಆಮ್ಯಾಲ ಸಾಹೇಬ್ರು ಇಳದು ಚಾ ಕುಡಿಯಾಕ ಹೋದ್ರು. ಸುಮ್ನಾತು. ಚಾ ಕುಡದು ಬಂದ್ರು. ಚಾಲೂ ಆತು. ಆ ಕಂಬ ನಮ್ಮ ಸಾಹೇಬ್ರಿಗೆ ಸಲಾಂ ಹೊಡಿಯಾಕತ್ತಾವೋ ಏನೋ ನೋಡ್ರಿ!"

ಇಶ್ತಿಯಾಕ್ ನಗಲಿಲ್ಲ. "ಗೇಟಿನಾಂವ ಏನಂತಾನ?"

"ಹೊಸಾ ಹುಡುಗ ಅದಾನ. ಈ ಮಷೀನು ತಿಳಿದ ದೊಡ್ಡ ಸಾಹೇಬ್ರು ರಜಾದಾಗ ಅದಾರಂತ, ಫೋನ್ ಹತ್ತವಲ್ದು. ಇಂವ ಗ್ವಾಡಿಗೆ ಹಚ್ಚಿದ ರೂಲ್ಸು ಓದಿ ಓದಿ ಹೇಳಾಕತ್ತಾನ. ಹನ್ನೆರಡರ ಒಳಗ ಕಾರಣ ಸಿಗಲಿಲ್ಲಂದ್ರ ಪೊಲೀಸರಿಗೆ ಪತ್ರ, ಮಸ್ಕಿ ಅಂಗಡಿ ತಪಾಸ, ಲೋಡ್ ವಾಪಸ್. ಇನ್ನ ಮುಂದ ನಮ್ಮ ಮಾಲು ಈ ಗೇಟಿನ್ಯಾಗ ಬಂದ್. ಸಾಹೇಬ್ರು ವಾಪಸ್ ಅನ್ನೂ ಮಾತು ಕೇಳಿದ್ದ ತಡ, ಲಾರಿ ಮುಂದ ಮಣ್ಣಾಗ ಕುಂತುಬಿಟ್ಟಾರ. ಮೂಗ ಮ್ಯಾಲಿನ ಚಶ್ಮಾ ಜಾರಿದ್ರೂ ಏರಿಸಿಕೊಳ್ಳವಲ್ರು."

ಫೋನು ಕಟ್ಟಾಯಿತು. ವಸೀಮಾ ಅಷ್ಟೊತ್ತಿಗೆ ಒಳಗೆ ಹೋಗಿ ಆಸ್ಪತ್ರೆಯ ಫೈಲು ತೆಗೆದಿದ್ದಳು. ಕಾಗದದ ಎರಡನೆಯ ಪುಟ, ಕಡೆಯ ನಾಲ್ಕು ಸಾಲು. ಗುಳಿಗೆ ನುಂಗಿದವರನ್ನು ಮೂರು ತಿಂಗಳವರೆಗೂ ವಿಮಾನ ನಿಲ್ದಾಣ ಮುಂತಾದೆಡೆ ಕಾವಲಿನ ಕಿರಣ ಯಂತ್ರಗಳು ಗುರುತಿಸಬಹುದು. ಆದ್ದರಿಂದ ಪ್ರಯಾಣದಲ್ಲಿ ಈ ಕಾರ್ಡನ್ನು ಜೊತೆಯಲ್ಲಿಟ್ಟುಕೊಳ್ಳತಕ್ಕದ್ದು. ಕೆಳಗೆ ಪಿನ್ ಹೊಡೆದ ಸಣ್ಣ ಕಾರ್ಡು. ಪಿನ್ನು ಹಾಗೇ ಇತ್ತು.

"ಏನು ಬರದೈತಿ ಓದವ್ವಾ," ಎಂದರು ಬಿಬಿಜಾನ್.

ಓದಿದಳು. ಕನ್ನಡದಲ್ಲಿ ಹೇಳಿದಳು. ಇಶ್ತಿಯಾಕ್ ಎಣ್ಣೆಗೈಯಲ್ಲೇ ತಲೆ ಹಿಡಿದುಕೊಂಡ.

"ಅಂದ್ರ... ಕಂಬ ಕೂಗಾಕತ್ತಿದ್ದು ಅಬ್ಬಾನ್ನ ನೋಡಿ?"

"ಹೌದ್ರಿ."

"ನೀ ಅವತ್ತ ಇದನ್ನ ಓದಿರಲಿಲ್ಲೇನು?"

ಓದಿದ್ದಳು. ಮಕ್ಕಳು ಎಂಬ ಶಬ್ದ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಕೆಂಪು ಗೆರೆ ಎಳೆದು, ಮೂರು ಸಲ ಓದಿ, ಮನೆಯವರ ಮುಂದೆ ವರದಿ ಒಪ್ಪಿಸಿದ್ದಳು. ಈ ನಾಲ್ಕು ಸಾಲಿನ ಹತ್ತಿರ ಬಂದಾಗ ಕೂಸು ಅತ್ತಿತ್ತು. "ವಿಮಾನ ನಿಲ್ದಾಣ ಅಂತ ಇತ್ತು... ನಮ್ಮ ಅಬ್ಬಾ ಯಾವ ವಿಮಾನ ಹತ್ತತಾರ, ಲಾರಿ ಹತ್ತೂ ಮನಿಶಾ ಅಂತ... ಬಿಟ್ಟೆ." ಅವಳ ಕಣ್ಣು ತುಂಬಿ ಬಂದಿತ್ತು. "ಹೇಳಿದ್ರ ಕಾರ್ಡು ಕಿಸೇದಾಗ ಇರ್ತಿತ್ತು."

ಇಶ್ತಿಯಾಕ್ ಎದ್ದು ಬೈಕಿನ ಕೀಲಿ ಹುಡುಕಿದ. "ಕಾರ್ಡು ತಗೊಂಡು ನಾ ಹೋಗ್ತೀನಿ."

"ಎರಡೂವರಿ ತಾಸಿನ ದಾರಿ. ಅವರು ಪತ್ರ ಬರಿಯೂದು ಹನ್ನೆರಡಕ್ಕ. ಈಗ ಹನ್ನೊಂದು," ಎಂದರು ಬಿಬಿಜಾನ್. "ಫೋನ್ ಮಾಡಿ ಹೇಳೋ."

"ಯಾರಿಗೆ ಹೇಳಲಿ ಅಮ್ಮಾ? ಗೇಟಿನಾಂವಗ ಹೇಳಿದ್ರ ಊರಿಗೆಲ್ಲಾ ಹೇಳಿದಂಗ. ನಮ್ಮಪ್ಪಗ ಜಡ್ಡಾಗೇತಿ ಅಂತ ನನ್ನ ಬಾಯಿಂದ ಹೋದ್ರ, ಅಬ್ಬಾ ಜಲ್ಮದಾಗ ನನ್ನ ಮಾರಿ ನೋಡಂಗಿಲ್ಲ. ನಾ ಕುರಾನಿನ ಮ್ಯಾಲ ಕೈ ಇಟ್ಟು ಭಾಷಿ ಕೊಟ್ಟೀನಿ."

"ಹೇಳದಿದ್ರ ಲೋಡ್ ವಾಪಸ್ ಬರತೈತಿ. ಲೋಡ್ ವಾಪಸ್ ಬಂದ್ರ ಆ ಮನಿಶಾ ಬರೂದಿಲ್ಲ, ಆ ಗೇಟಿನ್ಯಾಗ ಕುಂತು ಪ್ರಾಣ ಬಿಡ್ತಾನ." ಬಿಬಿಜಾನ್ ಸೊಸೆಯ ಕಡೆ ತಿರುಗಿದರು. ಬೈಗುಳ ಬರಬಹುದೆಂದು ವಸೀಮಾ ತಲೆ ತಗ್ಗಿಸಿದ್ದಳು. ಬಂದದ್ದು ಬೇರೆ. "ಓದಿದಾಕಿನೂ ನೀ, ಬಿಟ್ಟಾಕಿನೂ ನೀ. ಮಾಡು ಫೋನು. ಗೇಟಿನಾಂವಗ ಅಲ್ಲ, ನೆಟ್ಟಗ ನಿಮ್ಮ ಅಬ್ಬಾಗ ಮಾಡು. ಹೇಳೂದೋ ಬಿಡೂದೋ ಅವರ ಜಡ್ಡು, ಅವರ ಲೋಡು. ಅವರ ನೋಡ್ಕೊಳ್ಳಲಿ."

ಮದುವೆಯಾಗಿ ಮೂರು ವರ್ಷ. ಮಾವನ ನಂಬರು ವಸೀಮಾಳ ಫೋನಿನಲ್ಲಿತ್ತು, ಒಮ್ಮೆಯೂ ಒತ್ತಿರಲಿಲ್ಲ. ಎದುರಿಗಿದ್ದಾಗ ಮಾತಾಡಿದರೂ, ಮಾವ ಹೊರಗಿದ್ದಾಗ ಸೊಸೆಯ ಮಾತು ಗಂಡನ ಫೋನಿನಿಂದ ಹೋಗುವುದು, ಮಾವನ ಮಾತು ಅತ್ತೆಯ ಬಾಯಿಂದ ಬರುವುದು, ಆ ಮನೆಯ ರೂಢಿ ಹಾಗೆ. ಅವಳು ಎರಡು ಸಲ ನಂಬರು ತೆಗೆದು ಎರಡು ಸಲ ಮುಚ್ಚಿದಳು. ಹಿತ್ತಲಿಗೆ ಹೋಗಿ, 'ಅಬ್ಬಾ, ಒಂದು ಮಾತು ಹೇಳೂದೈತ್ರಿ' ಎಂದು ಬೇವಿನ ಗಿಡಕ್ಕೆ ಹೇಳಿ ನೋಡಿದಳು. ಗಿಡದ ಮುಂದೆ ಸರಿಯಾಗಿ ಬಂತು. ಲಾರಿಯ ಮುಂದೆ ಮಣ್ಣಿನಲ್ಲಿ ಕೂತ ಮನುಷ್ಯನಿಗೆ, ಮಗುವನ್ನು ಮುಟ್ಟಿಲ್ಲವೆಂದು ಎರಡೂ ಕೈ ಮೇಲೆತ್ತಿದ್ದ ಮನುಷ್ಯನಿಗೆ, ನೀವೇ ಆ ಕಳ್ಳಮಾಲು ಎಂದು ಹೇಳುವುದು ಹೇಗೆ? ಹನ್ನೊಂದೂ ಕಾಲಾಯಿತು. ಹನ್ನೊಂದೂ ಇಪ್ಪತ್ತು. ಮುನ್ನಿ ತೆವಳುತ್ತ ಬಂದು ಅವಳ ಕಾಲು ಹಿಡಿದಳು. ವಸೀಮಾ ಕೂಸನ್ನೆತ್ತಿ ಸೊಂಟಕ್ಕೆ ಹಾಕಿಕೊಂಡು, ಕಣ್ಣು ಮುಚ್ಚಿ ಒತ್ತಿಬಿಟ್ಟಳು.

"ಹಲೋ, ಅಬ್ಬಾ... ನಾ ವಸೀಮಾ."

ಆಚೆಯಿಂದ ಗಾಬರಿಯ ದನಿ. "ಮುನ್ನಿಗೇನಾತು ಬೇಟಿ? ಕೂಸು ಹುಷಾರ ಐತಿಲ್ಲೋ?"

"ಹುಷಾರ ಅದಾಳ ಅಬ್ಬಾ. ನನ್ನ ಬಗಲಾಗ ಅದಾಳ."

"ಅಲ್ಲಾನ ದಯಾ. ಹಂಗಾರ ಆಮ್ಯಾಲ ಮಾಡು. ಇಲ್ಲಿ ನನ್ನ ಲೋಡಿನ ಮ್ಯಾಲ ತೊಹಮತ್ ಹೊರಸಾಕತ್ತಾರ, ಸುಳ್ಳ ಅಪವಾದ..."

"ಫೋನ್ ಇಡಬ್ಯಾಡ್ರಿ ಅಬ್ಬಾ! ಲೋಡಿನ್ಯಾಗ ಏನೂ ಇಲ್ಲ."

"ಮುಂಜಾನಿಂದ ಅದನ್ನ ಬಡಕೊಳ್ಳಾಕತ್ತೀನಿ ನಾನು!"

"ಲೋಡಿನ್ಯಾಗ ಇಲ್ಲ. ನಿಮ್ಮ ಕೊರಳಾಗ ಐತಿ. ಆ ಗುಳಿಗಿ. ಕಂಬ ನಿಮ್ಮನ್ನ ಕಂಡು ಕೂಗಾಕತ್ತಾವ ಅಬ್ಬಾ. ಸಾಮಾನೂ ನೀವು ಕೈಯಾಗ ಹಿಡಿದು ನಿಂತದ್ದಕ್ಕ ಕೂಗ್ಯಾವ. ಇದು ಕಾಗದದಾಗ ಬರದಿತ್ತು. ಕಾರ್ಡೂ ಕೊಟ್ಟಿದ್ರು. ಮಕ್ಕಳದು ಓದಿದೆ, ಇದನ್ನ ಓದಿ ಹೇಳಲಿಲ್ಲ. ತಪ್ಪು ನಂದ್ರಿ." ಗಿಡದ ಮುಂದೆ ಅಭ್ಯಾಸ ಮಾಡಿದ್ದು ಒಂದೂ ಬರಲಿಲ್ಲ, ಎಲ್ಲ ಒಂದೇ ಉಸಿರಿಗೆ ಹೊರಬಿತ್ತು.

ಆಚೆ ದೂರದಲ್ಲಿ ಯಾರೋ ಲಾರಿ ಹಿಂದಕ್ಕೆ ತೆಗೆಯುವ ಸದ್ದು. ವಸೀಮಾ ಕೂಸನ್ನು ಬಿಗಿಯಾಗಿ ಅಪ್ಪಿಕೊಂಡಳು.

"ಅಂದ್ರ," ಅಮೀನ್‌ಸಾಬ್ ನಿಧಾನವಾಗಿ ಕೇಳಿದರು, "ಲೋಡ್ ಸಾಫ್ ಐತಿ?"

"ಸಾಫ್ ಐತ್ರಿ."

"ಪಕ್ಕಾ? ಬರಹದಾಗ ಐತಿ?"

"ಪಕ್ಕಾ. ಕಾರ್ಡಿನ ಫೋಟೋ ಈಗ ಕಳಿಸ್ತೀನಿ. ಆದರ ಅಬ್ಬಾ... ಗೇಟಿನಾಂವಗ ಹೇಳಿದ್ರ ಎಲ್ಲಾರಿಗೂ ಗೊತ್ತಾಗತೈತಿ."

"ಏ, ಗೊತ್ತಾದ್ರ ಆಗಲಿ ಬಿಡು!" ಆ ದನಿಯಲ್ಲಿ ಹನ್ನೆರಡು ದಿನದಿಂದ ಕೇಳದಿದ್ದ ಹುರುಪು. ಫೋನು ಕಿವಿಯಿಂದ ದೂರ ಹೋದದ್ದು ತಿಳಿಯಿತು. ಮಾತೆಲ್ಲ ಗಾಳಿಯಲ್ಲಿ ಬರತೊಡಗಿತು. "ಓ ಸಾಹೇಬಾ! ಬಾ ಇಲ್ಲಿ! ನಿನ್ನ ಕಂಬ ಸುಳ್ಳು ಹೇಳಿಲ್ಲ, ನನ್ನ ಲೋಡೂ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದಾಂವ ನಾನೊಬ್ಬನ! ಎಲ್ಲಾರೂ ದೂರ ಸರೀರಿ. ಲಾರಿ ಬ್ಯಾಡ, ಮಾಲು ಬ್ಯಾಡ. ನಾ ಒಬ್ಬನ ನಡಕೊಂಡು ದಾಟತೀನಿ. ನೋಡು!"

ಹೆಜ್ಜೆಯ ಸಪ್ಪಳ. ಒಂದು, ಎರಡು, ಮೂರು. ಆಮೇಲೆ ಫೋನಿನಲ್ಲಿ ಕಿವಿ ಕೊರೆಯುವಂಥ ಕೂಗು. ಅದರ ಮೇಲೆ ಅಮೀನ್‌ಸಾಬರ ನಗು. ಅದರ ಮೇಲೆ ಸಂಗನಬಸವನ ಆರ್ತನಾದ. "ಯಪ್ಪೋ! ಮೂರು ತಾಸು ಬಾಜೂಕ ಕುಂತು ಬಂದೀನಲ್ಲೋ! ಒಂದ ಡಬ್ಬ್ಯಾಗಿನ ರೊಟ್ಟಿ ತಿಂದೀನಲ್ಲೋ!"

"ಅಬ್ಬಾ, ಅವರಿಗೆ ಹೇಳ್ರಿ," ವಸೀಮಾ ಫೋನಿಗೆ ಕೂಗಿದಳು, "ದೊಡ್ಡವರಿಗೆ ಇಷ್ಟರಾಗ ಏನೂ ಆಗೂದಿಲ್ಲಂತ! ಕಾಗದದಾಗ ಅದೂ ಐತಿ!" ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಆ ಸಾಲನ್ನೂ ಅವಳು ಓದಿದ್ದಳು. ನಂಬಿರಲಿಲ್ಲ, ಅಷ್ಟೇ.

ಫೋಟೋ ಹೋಯಿತು. ಗೇಟಿನ ಹುಡುಗ ಅದನ್ನು ಓದಿದ, ಸಣ್ಣ ಯಂತ್ರವನ್ನು ಅಮೀನ್‌ಸಾಬರ ಕೊರಳಿಗೆ ಹಿಡಿದು ನೋಡಿದ, ಅವರನ್ನು ದೂರ ನಿಲ್ಲಿಸಿ ಮಾಲನ್ನೆಲ್ಲ ಮತ್ತೆ ನೋಡಿದ. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಹೊಲಿಗೆ ಯಂತ್ರದ ಕಾಲಿನ ಕೆಂಪು ಪಟ್ಟಿ ಬಿಚ್ಚಿದರು. ಇಷ್ಟೆಲ್ಲ ವಸೀಮಾಳಿಗೆ ತುಂಡು ತುಂಡಾಗಿ ಕೇಳಿಸುತ್ತಿತ್ತು, ಯಾಕೆಂದರೆ ಅಮೀನ್‌ಸಾಬ್ ಫೋನು ಇಟ್ಟಿರಲಿಲ್ಲ, ಅವಳಿಗೂ ಇಡಲು ಮನಸ್ಸಾಗಲಿಲ್ಲ.

"ರಿಜಿಸ್ಟರ್‌ನಾಗ ಕಾರಣ ಬರೀಬೇಕ್ರಿ ಯಜಮಾನ್ರೇ," ಎಂದ ಹುಡುಗನ ದನಿ. "ಏನಂತ ಬರೀಲಿ?"

"ಬರ್ಕೋ. ಮಾಲು ಸಾಫ್, ಮಾಲಕ ಗರಂ."

ಬಿಬಿಜಾನ್ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ಗೋಡೆಗೆ ಒರಗಿದರು. ಇಶ್ತಿಯಾಕ್ ಆರಿದ ಒಗ್ಗರಣೆಯ ತಾಟನ್ನು ಮತ್ತೆ ಎಳೆದುಕೊಂಡ.

"ಬೇಟಿ," ಫೋನು ಮತ್ತೆ ಕಿವಿಗೆ ಬಂದಿತ್ತು. "ಓದಿ ಹೇಳಲಿಲ್ಲಂತ ಅಳಬ್ಯಾಡ. ಹನ್ನೆರಡ ದಿನ ನಾನೂ ಊರಿಗೆಲ್ಲಾ ಚಶ್ಮಾ ತೋರ್ಸೀನಿ. ಇನ್ನ ಒಂಬತ್ತು ದಿನ ಉಳದಾವಲ್ಲಾ ಗೆರಿ ಅಳಿಸಾಕ? ನಾ ಲೆಕ್ಕ ಇಟ್ಟೀನಿ. ಸ್ವಲ್ಪ ಮುನ್ನಿ ಕಿವಿಗೆ ಹಿಡಿ ಫೋನು. ಫೋನಿನ್ಯಾಗ ಏನೂ ಬರಂಗಿಲ್ಲಲ್ಲಾ?"

ವಸೀಮಾ ಒಂದು ಗಳಿಗೆ ನಿಜಕ್ಕೂ ಯೋಚಿಸಿದಳು. ಆಮೇಲೆ ಸ್ಪೀಕರ್ ಒತ್ತಿ, ಫೋನನ್ನು ಮಗಳ ಕಿವಿಗೆ ಹಿಡಿದಳು. ಒಂದು ಗೇಣು ದೂರ.